ಹಾಲಿವುಡ್ ಗುಂಡಿನ ಮಳೆಯಲ್ಲಿ ಕೇಳಿಬಂದ ಹೆಸರು: ಬೆಂಗಳೂರು!

ಇಂಗ್ಲಿಷ್ ಯುದ್ಧಚಿತ್ರಗಳ ಹುಚ್ಚು ಹತ್ತಿಸಿಕೊಂಡಿರುವ ಗೆಳೆಯರಿಗೆ ಒಂದು ಪ್ರಶ್ನೆ. ಸ್ಟೀವನ್ ಸ್ಪಿಲ್‌ಬರ್ಗ್‌ನ ‘ಸೇವಿಂಗ್ ಪ್ರೈವೇಟ್ ರಯಾನ್’ ನೋಡಿದ್ದೀರಲ್ಲ? 1998ರ ಚಿತ್ರ. ದೋಣಿಯ ಬಾಗಿಲು ಬೀಳುತ್ತಲೇ ಗುಂಡಿನ ಸುರಿಮಳೆ, ಕೆಂಪಾದ ಸಮುದ್ರ, ಕಿವಿ ಗುಂಯ್ ಎನ್ನುವ ಮೌನ... ಟಾಮ್ ಹ್ಯಾಂಕ್ಸ್ ಹೇಗೋ ತೆವಳಿಕೊಂಡು ದಿಬ್ಬದ ಮರೆ ಸೇರುತ್ತಾನೆ. ಮುಂದೆ ಮುಳ್ಳುತಂತಿಯ ಸುರುಳಿ. ಒಂದು ಹೆಜ್ಜೆ ಮುಂದಿಡುವ ಹಾಗಿಲ್ಲ. ಆ ಗದ್ದಲದಲ್ಲಿ ಒಂದು ಕೂಗು ಏಳುತ್ತದಲ್ಲ, ಏನದು ಹೇಳಿ?

“ಬ್ಯಾಂಗಲೋರ್ಸ್!”

ಹೌದು ಸ್ವಾಮೀ, ನಿಮ್ಮ ಕಿವಿ ನೆಟ್ಟಗೇ ಇದೆ. ಅದು ನಮ್ಮ ಬೆಂಗಳೂರೇ! ನಾನು ಈ ಚಿತ್ರವನ್ನು ಮೊದಲ ಸಲ ನೋಡಿದಾಗ ಪಕ್ಕದ ಸೀಟಿನ ಗೆಳೆಯ ಮೊಣಕೈಯಿಂದ ತಿವಿದು, “ಏನ್ ಗುರೂ, ನಮ್ಮೂರ ಹೆಸರು ಕೂಗ್ದಂಗಾಯ್ತಲ್ಲಾ?” ಅಂದ. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದ. ಶಿಳ್ಳೆ ಮುಗಿಯುವಷ್ಟರಲ್ಲಿ ಪರದೆಯ ಮೇಲೆ ‘ಢಮಾರ್’! ತಂತಿ ಚೂರುಚೂರಾಗಿ ಸೈನಿಕರು ಮುನ್ನುಗ್ಗಿಯೂ ಆಗಿತ್ತು. ನಮ್ಮೂರಿನ ಪಾತ್ರ ಅಲ್ಲಿಗೆ ಖತಂ. ಒಟ್ಟು ಕೆಲವೇ ಸೆಕೆಂಡು!

ಇಷ್ಟು ಚಿಕ್ಕ ಪಾತ್ರ ಮಾಡಿದ ಈ ‘ಕಲಾವಿದ’ ಯಾರು? ಊರು ಯಾವುದು? ಹುಟ್ಟಿದ್ದು ಯಾವಾಗ? ಹೀರೋಗಳ ಜಾತಕ ಬರೆದೂ ಬರೆದೂ ಬೇಸತ್ತ ನಾನು ಈ ವಾರ ಇವನ ಜಾತಕ ತೆಗೆದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಹೆಸರು ಟಾರ್ಪೆಡೊ, ಈಜು ಬಾರದು!

ಪೂರ್ತಿ ಹೆಸರು ‘ಬ್ಯಾಂಗಲೋರ್ ಟಾರ್ಪೆಡೊ’. ಟಾರ್ಪೆಡೊ ಅಂದಕೂಡಲೇ ಸಬ್‌ಮೆರೀನು, ನೀರೊಳಗೆ ಗುಳ್ಳೆ ಎಬ್ಬಿಸುತ್ತಾ ಹಡಗಿನ ಹೊಟ್ಟೆಗೆ ನುಗ್ಗುವ ಆಯುಧ ನೆನಪಿಗೆ ಬರುತ್ತದೆ. ಇವನು ಆ ಜಾತಿಯವನಲ್ಲ. ಇವನಿಗೆ ಎಂಜಿನ್ ಇಲ್ಲ, ರೆಕ್ಕೆ ಇಲ್ಲ, ತಾನಾಗಿ ಒಂದು ಗೇಣೂ ಚಲಿಸಲಾರ. ಇವನೊಂದು ಪೈಪು. ಒಳಗೆ ಸಿಡಿಮದ್ದು ತುಂಬಿದ ಪೈಪು, ಅಷ್ಟೇ!

ಹುಟ್ಟಿದ್ದು 1912ರಲ್ಲಿ, ಬೆಂಗಳೂರು ದಂಡುಪ್ರದೇಶದಲ್ಲಿ. ತಂದೆ ಸ್ಥಾನದಲ್ಲಿ ನಿಂತವರು ಕ್ಯಾಪ್ಟನ್ ಆರ್. ಎಲ್. ಮೆಕ್‌ಕ್ಲಿಂಟಾಕ್, ಬ್ರಿಟಿಷ್ ಸೈನ್ಯದ ಎಂಜಿನಿಯರ್ ಅಧಿಕಾರಿ. ಅವರು ಕೆಲಸ ಮಾಡುತ್ತಿದ್ದ ದಳ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್. ಹೆಸರಿನಲ್ಲಿ ಮದ್ರಾಸಿದ್ದರೂ ಮನೆ ಬೆಂಗಳೂರೇ. 1780ರಲ್ಲಿ ಹುಟ್ಟಿದ ಈ ದಳವೇ ಇಂದಿನ ಮದ್ರಾಸ್ ಎಂಜಿನಿಯರ್ ಗ್ರೂಪ್. ಅಲಸೂರು ಕೆರೆಯ ಪಕ್ಕ ಬಸ್ಸಿನಲ್ಲಿ ಹೋಗುವಾಗ ‘ಎಂ.ಇ.ಜಿ.’ ಅಂತ ಬೋರ್ಡು ಕಾಣುತ್ತದಲ್ಲ, ಅದೇ. ಅಲ್ಲಿನ ಸೈನಿಕರಿಗೆ ಸೈನ್ಯದಲ್ಲಿ ‘ತಂಬಿ’ಗಳು ಅಂತ ಮುದ್ದಿನ ಹೆಸರು.

ಸ್ಯಾಪರ್ ಅಂದರೆ ಬರೀ ಬಂದೂಕು ಹಿಡಿಯುವವನಲ್ಲ. ಹೊಳೆಗೆ ಸೇತುವೆ ಕಟ್ಟುವವನು, ಕಾಡಿನಲ್ಲಿ ರಸ್ತೆ ಕಡಿಯುವವನು, ನೆಲಬಾಂಬು ಹುಡುಕಿ ತೆಗೆಯುವವನು. ಸೈನ್ಯಕ್ಕೆ ದಾರಿ ಮಾಡಿಕೊಡುವುದು ಅವನ ಕಸುಬು. ಹಿಂದೆ ಬರುವವರು ಗುಂಡು ಹಾರಿಸಿ ಹೆಸರು ಗಳಿಸಬೇಕಾದರೆ ಮುಂದೆ ಹೋಗುವ ಇವನು ತಂತಿ ಒಡೆದಿರಬೇಕು.

ಮುಳ್ಳುತಂತಿ ಎಂಬ ಖಳನಾಯಕ

ಹೀರೋನ ಬೆಲೆ ಗೊತ್ತಾಗಬೇಕಾದರೆ ಖಳನಾಯಕ ಜೋರಾಗಿರಬೇಕು. ಇಲ್ಲಿನ ಖಳನಾಯಕ ಮುಳ್ಳುತಂತಿ. ದನಕರು ಹೊಲಕ್ಕೆ ನುಗ್ಗದಂತೆ ಕಟ್ಟುವ ಬೇಲಿ ಯುದ್ಧಕ್ಕೆ ಬಂದು ಮನುಷ್ಯರನ್ನು ಕಟ್ಟಿಹಾಕಿತು. 1904-05ರ ರಷ್ಯಾ-ಜಪಾನ್ ಯುದ್ಧದಲ್ಲೇ ಅದರ ಪ್ರತಾಪ ಕಂಡಿತ್ತು.

‘ತಂತಿ ತಾನೇ, ಹಾರಿದರಾಯಿತು’ ಅನ್ನಬೇಡಿ. ತಂತಿ ಯಾರನ್ನೂ ಕೊಲ್ಲುವುದಿಲ್ಲ. ಅದರ ಕೆಲಸ ನಿಮ್ಮನ್ನು ಒಂದರ್ಧ ನಿಮಿಷ ಹಿಡಿದು ನಿಲ್ಲಿಸುವುದು. ಕೊಲ್ಲುವವನು ಹಿಂದೆ ಮೆಷಿನ್‌ಗನ್ ಹಿಡಿದು ಕೂತಿರುತ್ತಾನೆ. ಎರಡನೇ ಮಹಾಯುದ್ಧದ ಜರ್ಮನ್ ಎಂ.ಜಿ. 42 ಮೆಷಿನ್‌ಗನ್ ನಿಮಿಷಕ್ಕೆ ಸುಮಾರು 1,200 ಗುಂಡು ಉಗುಳುತ್ತಿತ್ತು. ಲೆಕ್ಕ ಹಾಕಿ, ಸೆಕೆಂಡಿಗೆ ಇಪ್ಪತ್ತು! ಬಟ್ಟೆ ಹರಿದಂಥ ಸದ್ದು. ಎದುರಿಗೆ ಬರುವ ಅಮೆರಿಕನ್ ಸೈನಿಕನ ಕೈಯಲ್ಲಿದ್ದ ಎಂ 1 ಗ್ಯಾರಂಡ್ ರೈಫಲ್ಲಿಗೆ ಒಂದು ಸಲಕ್ಕೆ ಎಂಟೇ ಗುಂಡು. ತಂತಿಗೆ ಸಿಕ್ಕಿಬಿದ್ದವನ ಗತಿ ಏನು, ನೀವೇ ಊಹಿಸಿಕೊಳ್ಳಿ.

ಫಿರಂಗಿ ಹೊಡೆದು ತಂತಿ ಹಾರಿಸಬಹುದಲ್ಲ? ಮೊದಲನೇ ಮಹಾಯುದ್ಧದಲ್ಲಿ ಹೊಡೆದೂ ಹೊಡೆದೂ ನೋಡಿದರು. ಷೆಲ್ಲು ಸಿಡಿದಾಗ ಸುರುಳಿ ಮೇಲಕ್ಕೆ ಹಾರಿ, ಮತ್ತೆ ಅಲ್ಲೇ ಬೀಳುತ್ತಿತ್ತು. ಮೊದಲಿಗಿಂತ ಗೋಜಲಾಗಿ! ಕತ್ತರಿಯಿಂದ ಕತ್ತರಿಸೋಣವೆಂದರೆ ಮೆಷಿನ್‌ಗನ್ನಿನ ಮುಂದೆ ಎದ್ದು ಕೂರಬೇಕು.

ಪೈಪಿನೊಳಗಿನ ಗುಟ್ಟು

ಇಲ್ಲೇ ನೋಡಿ ಬೆಂಗಳೂರಿನ ತಲೆ ಓಡಿದ್ದು. ಮದ್ದನ್ನು ಒಂದು ಗುಡ್ಡೆಯಾಗಿ ಇಟ್ಟರೆ ಒಂದು ಗುಂಡಿ ಬೀಳುತ್ತದೆ. ಅದೇ ಮದ್ದನ್ನು ಉದ್ದಕ್ಕೆ, ತಂತಿಯ ಈ ಅಂಚಿನಿಂದ ಆ ಅಂಚಿನವರೆಗೆ ಗೆರೆ ಎಳೆದಂತೆ ಇಟ್ಟು ಸಿಡಿಸಿದರೆ? ಬೇಲಿಯ ಪೂರ್ತಿ ಅಗಲ ಒಂದೇ ಏಟಿಗೆ ಬಾಚಣಿಗೆಯಲ್ಲಿ ಬೈತಲೆ ತೆಗೆದ ಹಾಗೆ ಇಬ್ಭಾಗ!

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕನ್ ಸೈನ್ಯ ಇದನ್ನು ಪೆಟ್ಟಿಗೆಯಲ್ಲಿ ಸೆಟ್ಟಾಗಿ ಕೊಡುತ್ತಿತ್ತು. ಒಂದು ಸೆಟ್ಟಿಗೆ ಹತ್ತು ಕೊಳವೆ. ಒಂದೊಂದು 5 ಅಡಿ ಉದ್ದ, ಎರಡಿಂಚಿಗಿಂತ ಸ್ವಲ್ಪ ಜಾಸ್ತಿ ದಪ್ಪ. ತೂಕ 13 ಪೌಂಡ್, ಅಂದರೆ ಹತ್ತಿರಹತ್ತಿರ 6 ಕಿಲೊ. ಅದರಲ್ಲಿ ಮದ್ದೇ ಸುಮಾರು 4 ಕಿಲೊ. ಕೊಳವೆಗೆ ಕೊಳವೆ ಸೇರಿಸಲು ಚಿಕ್ಕ ತೋಳುಗಳು. ತುದಿಗೆ ನುಣ್ಣಗಿನ ಒಂದು ಮೂತಿ, ತಳ್ಳುವಾಗ ತಂತಿಗೆ ಸಿಕ್ಕಿಕೊಳ್ಳದಿರಲಿ ಅಂತ. ಹತ್ತನ್ನೂ ಜೋಡಿಸಿದರೆ 50 ಅಡಿ!

ಜಾಣತನ ಇರುವುದು ಜೋಡಿಸುವ ರೀತಿಯಲ್ಲಿ. ಮೂತಿ ಸಿಕ್ಕಿಸಿದ ಮೊದಲನೇ ಕೊಳವೆಯನ್ನು ತಂತಿಯ ಕೆಳಗೆ ತಳ್ಳಬೇಕು. ಅದರ ಬಾಲಕ್ಕೆ ಎರಡನೆಯದು. ಮತ್ತೆ ತಳ್ಳು. ಅದರ ಬಾಲಕ್ಕೆ ಮೂರನೆಯದು. ಮತ್ತೆ ತಳ್ಳು. ಸೈನಿಕ ಹೊಟ್ಟೆ ನೆಲಕ್ಕಂಟಿಸಿ ಮಲಗಿರುವಲ್ಲೇ ಮಲಗಿರುತ್ತಾನೆ, ಪೈಪು ಮುಂದೆ ಮುಂದೆ ಹೋಗುತ್ತದೆ. ಕೊನೆಗೆ ಬಾಲದಲ್ಲಿ ಬತ್ತಿ ಸಿಕ್ಕಿಸಿ, ಕಿಡಿ ಹತ್ತಿಸಿ, ಹಿಂದಕ್ಕೆ ಉರುಳಿ ತಲೆ ಬಗ್ಗಿಸಬೇಕು. ಸಿಡಿದ ಮೇಲೆ ಮೂರು ನಾಲ್ಕು ಮೀಟರ್ ಅಗಲದ ದಾರಿ ಸಿದ್ಧ. ದಾರಿಯಲ್ಲಿ ಹೂತಿಟ್ಟ ಸಣ್ಣ ನೆಲಬಾಂಬುಗಳಿದ್ದರೆ ಅವೂ ಅದರ ಜೊತೆಗೇ ಸಿಡಿದು ಕಾಲುದಾರಿಯಷ್ಟು ಜಾಗ ಬಿಡುಗಡೆ.

1944 ಜೂನ್ 6: ರೀಲಲ್ಲ, ರಿಯಲ್ಲು

ಈಗ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಆ ದಂಡೆಗೆ ಹೋಗೋಣ. ಫ್ರಾನ್ಸಿನ ನಾರ್ಮಂಡಿ ತೀರ. ಅಮೆರಿಕನ್ನರು ಇಟ್ಟ ಗುಪ್ತನಾಮ ‘ಒಮಾಹಾ’. ಬೆಳಿಗ್ಗೆ ಆರೂವರೆಗೆ ಮೊದಲ ಅಲೆ ಇಳಿಯಿತು.

ಪ್ಲಾನಿನ ಪ್ರಕಾರ ಸೈನಿಕರ ಜೊತೆಗೇ ಟ್ಯಾಂಕುಗಳೂ ಬರಬೇಕಿತ್ತು. ಸುತ್ತ ಕ್ಯಾನ್ವಾಸ್ ಪರದೆ ಕಟ್ಟಿ, ಹಿಂದೆ ಪ್ರೊಪೆಲ್ಲರ್ ಹಾಕಿ ನೀರಿನಲ್ಲಿ ತೇಲಿ ಬರುವಂತೆ ಮಾಡಿದ ಶರ್ಮನ್ ಟ್ಯಾಂಕುಗಳು. 741ನೇ ಟ್ಯಾಂಕ್ ಬೆಟಾಲಿಯನ್ 29 ಟ್ಯಾಂಕುಗಳನ್ನು ದೂರದಲ್ಲೇ ಸಮುದ್ರಕ್ಕಿಳಿಸಿತು. ಅಲೆಗಳ ಹೊಡೆತಕ್ಕೆ ಪರದೆ ಹರಿದು 27 ಮುಳುಗಿದವು. ಈಜಿ ದಡ ಸೇರಿದ್ದು ಎರಡೇ ಎರಡು! ಆ ಭಾಗದಲ್ಲಿ ಇಳಿದ ಸೈನಿಕರಿಗೆ ಕಬ್ಬಿಣದ ಆಸರೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮುಂದೆ ತಂತಿ, ಮೇಲೆ ದಿಬ್ಬದಲ್ಲಿ ಮೆಷಿನ್‌ಗನ್, ಹಿಂದೆ ಏರುತ್ತಿರುವ ಸಮುದ್ರ. ಅಂಥ ಹೊತ್ತಿನಲ್ಲಿ ಕೈಗೆ ಬಂದದ್ದು ನಮ್ಮ ಪೈಪು.

ದಂಡೆಯ ಪಶ್ಚಿಮ ಭಾಗದಲ್ಲಿದ್ದವರು ಬ್ರಿಗೇಡಿಯರ್ ಜನರಲ್ ನಾರ್ಮನ್ ಕೋಟಾ, ವಯಸ್ಸು ಐವತ್ತೊಂದು. ಅವರ ಕಣ್ಣೆದುರಿಗೇ ಬ್ಯಾಂಗಲೋರ್ ಟಾರ್ಪೆಡೊ ಇಟ್ಟು ತಂತಿ ಹಾರಿಸಿದರು. ದಾರಿ ಬಿತ್ತು. ಮೊದಲು ನುಗ್ಗಿದ ಸೈನಿಕ ಗುಂಡೇಟಿಗೆ ಅಲ್ಲೇ ಬಿದ್ದ. ಉಳಿದವರ ಕಾಲು ನೆಲಕ್ಕೆ ಅಂಟಿಕೊಂಡಿತು. ಆಗ ಕೋಟಾ ತಾವೇ ಎದ್ದು ಆ ಸಂದಿಯೊಳಗೆ ಓಡಿದರು, ಹಿಂದೆ ಸೈನಿಕರು. ಅದೇ ಬೆಳಿಗ್ಗೆ ಪಕ್ಕದಲ್ಲೇ ರೇಂಜರ್ ದಳದವರೂ ಇದೇ ಪೈಪುಗಳಿಂದ ತಂತಿ ಒಡೆದು ಮೇಲೆ ಹತ್ತಿದರು. ಸಂಜೆಯ ಹೊತ್ತಿಗೆ ದಂಡೆ ಕೈವಶ. ಆದರೆ ಅದೊಂದು ದಂಡೆಯಲ್ಲೇ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಎರಡು ಸಾವಿರಕ್ಕೂ ಹೆಚ್ಚು ಮಂದಿ.

ಮೂರು ಚಿತ್ರ, ಮೂರು ನಮೂನೆ

ಈ ಒಂದು ಬೆಳಗನ್ನು ಮೂವರು ತೆರೆಗೆ ತಂದ ರೀತಿ ನೋಡಿ.

ಮೊದಲನೆಯದು 1962ರ ‘ದಿ ಲಾಂಗೆಸ್ಟ್ ಡೇ’. ಡ್ಯಾರಿಲ್ ಝನುಕ್ ನಿರ್ಮಾಣ, ಕಪ್ಪು-ಬಿಳುಪು, ತಾರೆಗಳ ಜಾತ್ರೆ! ಜಾನ್ ವೇಯ್ನ್, ಹೆನ್ರಿ ಫೊಂಡಾ, ರಿಚರ್ಡ್ ಬರ್ಟನ್, ಷಾನ್ ಕಾನರಿ... ಕೋಟಾ ಪಾತ್ರ ರಾಬರ್ಟ್ ಮಿಚಮ್‌ನದು. ತಡೆಗೋಡೆ ಒಡೆಯುವ ಕೆಲಸದಲ್ಲಿ ಜೆಫ್ರಿ ಹಂಟರ್‌ನ ಎಂಜಿನಿಯರ್ ಪಾತ್ರ ಪ್ರಾಣ ಬಿಡುತ್ತದೆ. ಮಿಚಮ್‌ನ ಬಾಯಲ್ಲಿ ಸಿಗಾರು, ಕೊನೆಗೆ ದೊಡ್ಡ ಸ್ಫೋಟ, ಜನ ಮುನ್ನುಗ್ಗುತ್ತಾರೆ. ಗಾಂಭೀರ್ಯ ಇದೆ. ಆದರೆ ಬೆವರು ಕಾಣುವುದಿಲ್ಲ.

ಮೂರನೆಯದು, ಕಾಲದಲ್ಲಿ ಕೊನೆಯದು, ಸ್ಪಿಲ್‌ಬರ್ಗ್‌ನದು. ಐರ್ಲೆಂಡಿನ ಕರಕ್ಲೋ ತೀರದಲ್ಲಿ 1997ರಲ್ಲಿ ಚಿತ್ರೀಕರಣ. ಸದ್ದು, ರಕ್ತ, ಕ್ಯಾಮರಾದ ನಡುಕ, ಎಲ್ಲದರಲ್ಲೂ ಇವನನ್ನು ಮೀರಿಸಿದವರಿಲ್ಲ. ಶ್ರೇಷ್ಠ ನಿರ್ದೇಶಕ ಆಸ್ಕರ್ ಸುಮ್ಮನೆ ಬರಲಿಲ್ಲ. ಆದರೆ ಗಂಟೆಗಟ್ಟಲೆ ನಡೆದದ್ದನ್ನು ಇಪ್ಪತ್ತು ಚಿಲ್ಲರೆ ನಿಮಿಷಕ್ಕೆ ಇಳಿಸಿದಾಗ ನಮ್ಮ ಪೈಪಿಗೆ ಸಿಕ್ಕಿದ್ದು ಚಿಟಿಕೆ ಹೊಡೆಯುವಷ್ಟು ಹೊತ್ತು.

ನಡುವಿನದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. 1980ರ ‘ದಿ ಬಿಗ್ ರೆಡ್ ಒನ್’. ನಿರ್ದೇಶಕ ಸ್ಯಾಮ್ಯುಯಲ್ ಫುಲರ್. ಈತ ಸ್ಟುಡಿಯೋದಲ್ಲಿ ಕೂತು ಯುದ್ಧ ಕಲ್ಪಿಸಿಕೊಂಡವನಲ್ಲ. ಆ ಬೆಳಿಗ್ಗೆ ಅದೇ ಒಮಾಹಾ ದಂಡೆಯಲ್ಲಿ 16ನೇ ಇನ್‌ಫೆಂಟ್ರಿ ರೆಜಿಮೆಂಟಿನ ಸೈನಿಕನಾಗಿ ಇಳಿದವನು! ‘ದಾರಿ ಬಿತ್ತು’ ಎಂಬ ಸುದ್ದಿಯನ್ನು ಕರ್ನಲ್ ಟೇಲರ್‌ಗೆ ಮುಟ್ಟಿಸಲು ಗುಂಡಿನ ನಡುವೆ ಓಡಿ ಸಿಲ್ವರ್ ಸ್ಟಾರ್ ಪದಕ ಪಡೆದವನು. ಸಾರ್ಜೆಂಟ್ ಪಾತ್ರ ಮಾಡಿದ ಲೀ ಮಾರ್ವಿನ್ ಕೂಡಾ ನಿಜವಾದ ಸೈನಿಕನೇ. 1944ರ ಅದೇ ಜೂನ್ ತಿಂಗಳಲ್ಲಿ ಪೆಸಿಫಿಕ್‌ನ ಸೈಪಾನ್ ದ್ವೀಪದಲ್ಲಿ ಗುಂಡು ತಿಂದವನು.

ಫುಲರ್‌ನ ಚಿತ್ರದಲ್ಲಿ ಏನಾಗುತ್ತದೆ ಗೊತ್ತೆ? ಸೈನಿಕರಿಗೆ ನಂಬರು ಕೊಟ್ಟಿರುತ್ತಾರೆ. ಸಾರ್ಜೆಂಟ್ ನಂಬರು ಕರೆಯುತ್ತಾನೆ. ಒಬ್ಬ ಎದ್ದು ಓಡುತ್ತಾನೆ, ಕೊಳವೆಯನ್ನು ಒಂದಿಷ್ಟು ತಳ್ಳುತ್ತಾನೆ, ಗುಂಡು ತಿಂದು ಬೀಳುತ್ತಾನೆ. ಮುಂದಿನ ನಂಬರು! ಅವನೂ ಬೀಳುತ್ತಾನೆ. ಮುಂದಿನ ನಂಬರು! ‘ಸ್ಟಾರ್ ವಾರ್ಸ್’ನ ಹೀರೋ ಮಾರ್ಕ್ ಹ್ಯಾಮಿಲ್‌ನ ಸರದಿ ಬಂದಾಗ ಅವನ ಮುಖ ನೋಡಬೇಕು... ಮಧ್ಯೆ ಮಧ್ಯೆ ನೀರಿನಲ್ಲಿ ಬಿದ್ದ ಸತ್ತವನೊಬ್ಬನ ಕೈಗಡಿಯಾರ ತೋರಿಸುತ್ತಾನೆ. ಮುಳ್ಳು ಮುಂದೆ ಹೋಗಿದೆ, ನೀರು ಕೆಂಪಾಗಿದೆ. ಗಂಟೆಗಳು ಕಳೆದವು ಅಂತ ಹೇಳಲು ಒಂದು ವಾಚು ಸಾಕಾಯಿತು!

ಈ ಚಿತ್ರಕ್ಕೆ ದುಡ್ಡಿಲ್ಲ ಎಂಬುದು ಎದ್ದು ಕಾಣುತ್ತದೆ. ಬಹುಪಾಲು ಚಿತ್ರೀಕರಣ ಇಸ್ರೇಲಿನಲ್ಲಿ. ಜರ್ಮನ್ ಟ್ಯಾಂಕುಗಳಾಗಿ ನಟಿಸಿದ್ದು ಇಸ್ರೇಲಿ ಸೈನ್ಯದ ಶರ್ಮನ್‌ಗಳು. ಅದರಲ್ಲೇನು ಬಿಡಿ, ಟ್ಯಾಂಕುಗಳಿಗೆ ‘ಡ್ಯೂಪ್’ ಹಾಕುವುದು ಹಾಲಿವುಡ್ಡಿನ ಹಳೇ ಚಾಳಿ. 1965ರ ‘ಬ್ಯಾಟಲ್ ಆಫ್ ದಿ ಬಲ್ಜ್’ನಲ್ಲಿ ಜರ್ಮನ್ ಟೈಗರ್ ಆಗಿ ಬಂದದ್ದು ಸ್ಪೇನ್ ಸೈನ್ಯದಲ್ಲಿದ್ದ ಅಮೆರಿಕನ್ ಪ್ಯಾಟನ್. ಸ್ಪಿಲ್‌ಬರ್ಗ್‌ನ ಟೈಗರ್ ಕೂಡಾ ರಷ್ಯನ್ ಟಿ-34ರ ಮೇಲೆ ವೇಷ ಹಾಕಿ ನಿಲ್ಲಿಸಿದ್ದೇ. ನಮ್ಮ ಬೆಂಗಳೂರಿನವನಿಗೆ ಮಾತ್ರ ಡ್ಯೂಪೂ ಬೇಡ, ಮೇಕಪ್ಪೂ ಬೇಡ. ಪೈಪು ಪೈಪೇ!

“ತಳ್ಳೋದೇ ಕೆಲಸ ಕಣಪ್ಪಾ”

ಮೂರರಲ್ಲಿ ಯಾರದು ಸರಿ? ಕಸುಬು ಗೊತ್ತಿದ್ದವರನ್ನೇ ಕೇಳೋಣವೆಂದು ಎಂ.ಇ.ಜಿ.ಯಲ್ಲಿ ದುಡಿದು ನಿವೃತ್ತರಾದ ಹಾಸನದ ಕಡೆಯ ಹವಲ್ದಾರರೊಬ್ಬರ ಮನೆಗೆ ಹೋದೆ. ಹೆಸರು ಹಾಕಬೇಡ ಎಂದರು, ಹಾಕುವುದಿಲ್ಲ. ಎಪ್ಪತ್ತು ದಾಟಿದ ವಯಸ್ಸು. ಮೂರೂ ಸೀನುಗಳನ್ನು ಟಿ.ವಿ.ಯಲ್ಲಿ ಹಾಕಿ ತೋರಿಸಿದೆ. ಕಾಫಿ ಲೋಟ ಆರಿ ತಣ್ಣಗಾಗುವ ತನಕ ಮಾತಿಲ್ಲದೆ ನೋಡಿದರು.

“ಹೆಂಗಿದೆ ಸಾರ್?” ಅಂದೆ.

“ಢಂ ಅನ್ನೋದನ್ನ ಎಲ್ರೂ ತೋರಿಸ್ತಾರೆ ಕಣಪ್ಪಾ. ಢಂ ಅನ್ನೋದು ಮದ್ದಿನ ಕೆಲಸ. ನಮ್ಮ ಕೆಲಸ ತಳ್ಳೋದು. ಟ್ರೈನಿಂಗಲ್ಲಿ ಯಾರೂ ಗುಂಡು ಹೊಡೀತಿರಲಿಲ್ಲ, ಆದ್ರೂ ಬೆವರು ಕಿತ್ಕೊಂಡು ಬರ್ತಿತ್ತು. ಮಣ್ಣಲ್ಲಿ ಮುಖ ಹೂತ್ಕಂಡು, ತಲೆ ಎತ್ತದೇನೆ, ಕೈ ಅಳತೇಲಿ ಒಂದಕ್ಕೊಂದು ಜೋಡಿಸ್ಬೇಕು. ಎಲ್ಲೋ ಒಂದು ಕಲ್ಲು ಅಡ್ಡ ಬಂತು ಅಂದ್ರೆ ಮುಗೀತು.”

“ಮೂರರಲ್ಲಿ ಯಾವುದು ಸರಿ ಸಾರ್?”

“ಆ ನಂಬರ್ ಕರೀತಾನಲ್ಲ, ಅವನದು. ನಂಗೆ ಗೊತ್ತಿರೋ ಹಾಗೆ ಡ್ರಿಲ್ ಹಂಗಿರಲ್ಲ, ಒಬ್ಬೊಬ್ಬನ್ನೇ ಓಡ್ಸಲ್ಲ. ಆದ್ರೆ ಅವನು ಹೇಳಿರೋದು ನಿಜ. ಪೈಪಿನ ಹಿಂದೆ ಯಾವಾಗ್ಲೂ ಒಬ್ಬ ಮನುಷ್ಯ ಇರ್ಬೇಕು. ಅವನು ಬಿದ್ರೆ ಇನ್ನೊಬ್ಬ ಬರ್ಬೇಕು. ಅದು ತಾನಾಗೇ ಹೋಗಲ್ವಲ್ಲಾ!”

ನನಗೆ ಈ ವಿಚಾರದಲ್ಲಿ ನೂರು ಪುಟ ಓದಿದ್ದಕ್ಕಿಂತ ಆ ಕೊನೆಯ ಮಾತು ಹೆಚ್ಚು ನಾಟಿತು. ರಾಕೆಟ್ ಹಾರುತ್ತದೆ, ಷೆಲ್ಲು ಹಾರುತ್ತದೆ, ಹೊಡೆದವನು ಮೈಲಿ ದೂರದಲ್ಲಿರುತ್ತಾನೆ. ನಮ್ಮೂರ ಹೆಸರಿನ ಈ ಆಯುಧಕ್ಕೆ ಮಾತ್ರ ಶತ್ರುವಿನ ಕಣ್ಣಳತೆಯಲ್ಲಿ ಮಲಗಿ ತಳ್ಳುವ ಎರಡು ಕೈ ಬೇಕು. ಸಿನಿಮಾದಲ್ಲಿ ಆ ಕೈಗಳಿಗೆ ಕ್ಲೋಸಪ್ಪೂ ಇಲ್ಲ, ಟೈಟಲ್ ಕಾರ್ಡಿನಲ್ಲಿ ಹೆಸರೂ ಇಲ್ಲ.

ತೆರೆಗೆ ಬಾರದ ನಾಯಕ

ಹೊರಡುವಾಗ ಅದೇ ಹವಲ್ದಾರರು ಇನ್ನೊಂದು ಹೆಸರು ಹೇಳಿದರು: ಸುಬೇದಾರ್ ಸುಬ್ರಮಣಿಯನ್. ಇದೇ ಮದ್ರಾಸ್ ಸ್ಯಾಪರ್ಸ್ ದಳದವರು, ತಮಿಳುನಾಡಿನವರು. ನಾರ್ಮಂಡಿ ಕಾಳಗಕ್ಕೆ ಮೂರು ತಿಂಗಳು ಮುಂಚೆ, 1944 ಫೆಬ್ರವರಿ 24ರಂದು, ಇಟಲಿಯ ಮಿನ್ಯಾನೋ ಹತ್ತಿರ ಇವರ ತಂಡ ನೆಲಬಾಂಬುಗಳ ನಡುವೆ ದಾರಿ ಮಾಡುತ್ತಿತ್ತು. ಜೊತೆಯ ಲ್ಯಾನ್ಸ್ ನಾಯಕ್ ಒಬ್ಬ ಬಾಂಬಿನ ಮೇಲೆ ಕಾಲಿಟ್ಟ. ಸಿಡಿಯಲು ಇದ್ದದ್ದು ಕೆಲವೇ ಸೆಕೆಂಡು. ಓಡಿಹೋಗಲು ಅಷ್ಟು ಸಾಕಿತ್ತೇನೋ. ಸುಬ್ರಮಣಿಯನ್ ಓಡಲಿಲ್ಲ. ಬಾಂಬಿನ ಮೇಲೆ ತಾವೇ ಬಿದ್ದು ಮೈಯಿಂದ ಮುಚ್ಚಿದರು. ಜೊತೆಯವರು ಬದುಕಿದರು. ಇವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಬಂತು.

ಹೇಳಿ, ಯಾವ ಸ್ಕ್ರಿಪ್ಟ್ ರೈಟರ್ ಬರೆದ ಕ್ಲೈಮ್ಯಾಕ್ಸು ಇದಕ್ಕೆ ಸಮ?

ಗಾಂಧಿನಗರಕ್ಕೊಂದು ಮಾತು

ಮಹಾತ್ಮಾ ಗಾಂಧಿ ರಸ್ತೆಯ ಪ್ಲಾಜಾ ಹೋಯಿತು, ಬ್ರಿಗೇಡ್ ರಸ್ತೆಯ ರೆಕ್ಸ್ ಹೋಯಿತು. ದಂಡಿನ ಜನ ಸಾಲುಗಟ್ಟಿ ಇಂಗ್ಲಿಷ್ ಚಿತ್ರ ನೋಡುತ್ತಿದ್ದ ಟಾಕೀಸುಗಳೆಲ್ಲ ಮಾಯವಾದವು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ನಮ್ಮೂರು ‘ಬೆಂಗಳೂರು’ ಆಗಿದೆ. ಆದರೆ ಜಗತ್ತಿನ ಸೈನ್ಯಗಳಲ್ಲಿ ಆ ಪೈಪು ಇನ್ನೂ ‘ಬ್ಯಾಂಗಲೋರ್’ ಆಗಿಯೇ ಉಳಿದಿದೆ. ಹುಟ್ಟಿ ನೂರು ವರ್ಷ ದಾಟಿದರೂ ರಿಟೈರ್ ಆಗಿಲ್ಲ.

ಕನ್ನಡಕ್ಕೆ ಯುದ್ಧಚಿತ್ರ ಒಗ್ಗುವುದಿಲ್ಲ ಅನ್ನುವವರಿಗೆ 1990ರ ‘ಮುತ್ತಿನ ಹಾರ’ವೇ ಉತ್ತರ. ರಾಜೇಂದ್ರಸಿಂಗ್ ಬಾಬು ನಿರ್ದೇಶನದಲ್ಲಿ ವಿಷ್ಣುವರ್ಧನ್ ಕೊಡಗಿನ ಅಚ್ಚಪ್ಪನಾಗಿ ಬಂದು ಹೆಂಗಸರು ಗಂಡಸರೆನ್ನದೆ ಎಲ್ಲರನ್ನೂ ಅಳಿಸಿದ ಚಿತ್ರ. ಅಂಥ ಎದೆಗಾರಿಕೆಯ ನಿರ್ಮಾಪಕರೊಬ್ಬರು ಅಲಸೂರು ಕೆರೆಯ ದಡದಿಂದ ಕಥೆ ಶುರು ಮಾಡಲಿ. ಬಂದೂಕು ಹಿಡಿದು ಒಬ್ಬನೇ ನೂರು ಜನರನ್ನು ಹೊಡೆಯುವ ಹೀರೋ ಬೇಡ. ಮಣ್ಣಿನಲ್ಲಿ ಮುಖ ಹೂತು, ಒಂದೊಂದೇ ಕೊಳವೆ ಜೋಡಿಸಿ ತಳ್ಳುವ ಹುಡುಗನೊಬ್ಬ ಇರಲಿ. ಅವನ ಹಿಂದೆ ತನ್ನ ಸರದಿಗಾಗಿ ಕಾದು ಮಲಗಿದ ಇನ್ನೊಬ್ಬ ಇರಲಿ. ತುಂಬಾ ಟ್ಯಾಂಕು, ವಿಮಾನ ಏನೂ ಬೇಡ. ಎರಡು ಕೈ, ಹತ್ತು ಪೈಪು, ಒಂದು ವಾಚು ಸಾಕು.

ಅಲ್ಲಿಯವರೆಗೆ ಒಂದು ಕೋರಿಕೆ. ಮುಂದಿನ ಸಲ ಯಾವುದೇ ಚಿತ್ರದಲ್ಲಿ ‘ಬ್ಯಾಂಗಲೋರ್ಸ್’ ಎಂಬ ಕೂಗು ಕೇಳಿದರೆ ಧಾರಾಳವಾಗಿ ಶಿಳ್ಳೆ ಹಾಕಿ, ನಮ್ಮೂರ ಹೆಸರಲ್ಲವೆ! ಆದರೆ ಆಮೇಲೆ ಬರುವ ಢಂ ಸದ್ದಿಗಿಂತ ಮೊದಲು, ಪರದೆಯ ಕೆಳಗಡೆ ಮೂಲೆಯಲ್ಲಿ ಹೊಟ್ಟೆಯ ಮೇಲೆ ಮಲಗಿದ ಆ ಹೆಸರಿಲ್ಲದ ಹುಡುಗನ ಕೈಗಳನ್ನು ಒಂದು ಕ್ಷಣ ನೋಡಿ.